ಬೆಳಿಗ್ಗೆ ಟೀ ಲೋಟ ಕೈಯಿಂದ ಹಾರತ್ತೆ ಅಂದ್ಯಲ್ಲ, ಮೊದ್ಲು ಅದನ್ನ ಮಾತಾಡೋಣ

ಪ್ರಶ್ನೆ: ಸರ್, ನಾನು ಹಾವೇರಿ ಕಡೆಯವಳು, ವಯಸ್ಸು 20. ಬೆಂಗಳೂರಲ್ಲಿ ಎಂಜಿನಿಯರಿಂಗ್ ಎರಡನೇ ವರ್ಷ, ಎಲೆಕ್ಟ್ರಾನಿಕ್ಸ್. ವಿಜಯನಗರದಲ್ಲಿ ಪಿಜಿಲಿ ಇದ್ದೀನಿ. ಪಿಯುಸಿ ಟೈಮಲ್ಲಿ ಮೊದಲ ಸಲ ಫಿಟ್ಸ್ ಬಂತು, ಊರಲ್ಲಿ ಡಾಕ್ಟ್ರು ಕಾರ್ಬಮಜೆಪಿನ್ ಮಾತ್ರೆ ಕೊಟ್ಟಿದ್ರು, 3 ವರ್ಷದಿಂದ ಅದೇ ತಗೋತಿದ್ದೀನಿ, ಆದ್ರೂ ವರ್ಷಕ್ಕೆ ಒಂದೋ ಎರಡೋ ಸಲ ಬರ್ತಾನೇ ಇದೆ. ಹೋದ ತಿಂಗಳು ಇಂಟರ್ನಲ್ಸ್ ಹಿಂದಿನ ರಾತ್ರಿ ಮೂರರವರೆಗೆ ಓದಿ ಆರಕ್ಕೆ ಅಲಾರಂ ಇಟ್ಟು ಎದ್ದಿದ್ದೆ, ಅವತ್ತು ಬೆಳಿಗ್ಗೆ ಪಿಜಿಲೇ ಬಂತು. ರೂಮ್‌ಮೇಟ್ ಗಾಬರಿಲಿ ಕೈಗೆ ಬೀಗದ ಕೈ ಕೊಟ್ಟು ಬಾಯೊಳಗೆ ಚಮಚ ತುರುಕಿದಾಳೆ, ಮುಂದಿನ ಹಲ್ಲು ಚೂರು ಒಡೆದಿದೆ. ಪಿಜಿ ಆಂಟಿ ರೂಮ್ ಖಾಲಿ ಮಾಡು ಅಂತಿದ್ದಾರೆ. ಅವ್ವ ಓದಿದ್ದು ಸಾಕು ಊರಿಗೆ ಬಾ, ಅಜ್ಜಾರ ಮಠಕ್ಕೆ ಹೋಗಿ ತಾಯತ ಕಟ್ಟಿಸೋಣ ಅಂತ ಅಳ್ತಾಳೆ. ಕ್ಲಾಸಲ್ಲಿ ಯಾರಿಗೂ ಹೇಳಿಲ್ಲ. ಫಸ್ಟ್ ಅವರ್ ಮಿಸ್ ಆಗಿ ಆಗಿ ಅಟೆಂಡೆನ್ಸ್ ಕೂಡ ಶಾರ್ಟೇಜ್. ಟೆನ್ಷನ್‌ಗೋ ಏನೋ ಬೆಳಿಗ್ಗೆ ಕೈ ಜಟ್ ಅಂತ ಎಗರಿ ಟೀ ಲೋಟ ಹಾರಿಹೋಗತ್ತೆ, ಎಲ್ಲರೂ ನಗ್ತಾರೆ. ಕಾಲೇಜ್ ಬಿಟ್ಟುಬಿಡ್ಲಾ ಸರ್? ಕೆಲಸ ಮಾಡದ ಮಾತ್ರೆ ಯಾಕೆ, ನಿಲ್ಲಿಸಿಬಿಡ್ಲಾ?

ಉತ್ತರ: ನೋಡಮ್ಮ, ನೀನು ಅಂತಾನೇ ಬರೀತೀನಿ, ನನ್ನ ಮಗಳು ನಿನಗಿಂತ ಒಂದೇ ವರ್ಷ ದೊಡ್ಡವಳು. ನಿನ್ನ ಪತ್ರದಲ್ಲಿ ಪಿಜಿ ಆಂಟಿ ಇದ್ದಾರೆ, ಅವ್ವ ಇದ್ದಾಳೆ, ಒಡೆದ ಹಲ್ಲಿದೆ, ಅಟೆಂಡೆನ್ಸ್ ಇದೆ, ಇದೆಲ್ಲಾ ಆದ್ಮೇಲೆ ಕೊನೇಲಿ ಹೋಗ್ತಾ ಹೋಗ್ತಾ ಟೆನ್ಷನ್‌ಗೋ ಏನೋ ಅಂತ ಆ ಟೀ ಲೋಟದ ಮಾತು ಒಂದು ಬರೆದಿದ್ದೀಯ. ನಾನು 20 ವರ್ಷಕ್ಕಿಂತ ಜಾಸ್ತಿ ನ್ಯೂರಾಲಜಿ, ಅಂದ್ರೆ ಮೆದುಳು-ನರದ ಕಾಯಿಲೆ ನೋಡೋ ಓಪಿಡಿಲಿ ಕೂತಿರೋನು, ನನಗೆ ಕಣ್ಣು ಹೋಗಿ ನಿಂತಿದ್ದು ಆ ಲೋಟದ ಮೇಲೆ. ಇದನ್ನ ಊರಿನ ಡಾಕ್ಟ್ರಿಗೆ ಯಾವತ್ತಾದ್ರೂ ಹೇಳಿದ್ದೀಯಾ? ಹೇಳಿರಲ್ಲ ಅಂತ ನನ್ನ ಊಹೆ, ಯಾಕಂದ್ರೆ ಯಾರೂ ಹೇಳಲ್ಲ. ಕೈ ನಡುಗೋದು, ಬಾಚಣಿಗೆ ಬೀಳೋದು, ಹಲ್ಲುಜ್ಜುವಾಗ ಬ್ರಷ್ ಹಾರೋದು, ಇದೆಲ್ಲಾ ನಿದ್ದೆಗಣ್ಣಲ್ಲಿ ಆಗೋದು ಅಂತ ಮನೇಲೂ ಬಿಟ್ಟುಬಿಡ್ತಾರೆ, ಹೆಚ್ಚಂದ್ರೆ ಕೈಲಿ ಸತ್ವ ಇಲ್ವಾ ಅಂತ ಒಂದು ಬೈಗುಳ. ಓಪಿಡಿಲಿ ನಾವೂ ಎಷ್ಟೋ ಸಲ ಕೇಳಲ್ಲ, ಹೊರಗೆ ಎಂಬತ್ತು ಜನ ಕಾಯ್ತಿರ್ತಾರೆ, ದೊಡ್ಡ ಫಿಟ್ಸ್ ಎಷ್ಟು ಸಲ ಬಂತು ಅಂತ ಕೇಳಿ ಮಾತ್ರೆ ಬರೆದು ಕಳಿಸ್ತೀವಿ. ಅದಕ್ಕೆ ಊರಿನ ಡಾಕ್ಟ್ರ ಮೇಲೆ ಸಿಟ್ಟಾಗಬೇಡ.

ಪತ್ರ ನೋಡಿ ಕಾಯಿಲೆ ಇದೇ ಅಂತ ಹೇಳೋಕೆ ಆಗಲ್ಲ, ಹೇಳಬಾರದು ಕೂಡ. ಆದ್ರೆ ಹದಿಹರೆಯದಲ್ಲಿ ಶುರುವಾಗಿ, ಬೆಳಿಗ್ಗೆ ಎದ್ದ ಒಂದೆರಡು ಗಂಟೆ ಒಳಗೆ ಕೈ ಎಗರಿ, ನಿದ್ದೆಗೆಟ್ಟ ಮಾರನೇ ದಿನ ದೊಡ್ಡ ಫಿಟ್ಸ್ ಬರತ್ತೆ ಅಂದ್ರೆ ನ್ಯೂರಾಲಜಿಸ್ಟ್ ತಲೆಗೆ ಮೊದಲು ಬರೋ ಹೆಸರು ಜುವೆನೈಲ್ ಮಯೊಕ್ಲೋನಿಕ್ ಎಪಿಲೆಪ್ಸಿ, ಅಂದ್ರೆ ಹದಿಹರೆಯದಲ್ಲಿ ಶುರುವಾಗೋ, ಕೈ ಎಗರಿಸೋ ಮೂರ್ಛೆರೋಗ, ನಮ್ಮ ಬಾಯಲ್ಲಿ ಜೆಎಂಇ. 1957ರಲ್ಲಿ ಜರ್ಮನಿಯ ಡೀಟರ್ ಯಾನ್ಸ್ ಅನ್ನೋ ಡಾಕ್ಟ್ರು ಇದನ್ನ ವಿವರವಾಗಿ ಬರೆದರು, ಅದಕ್ಕೆ ಹಳೇ ಪುಸ್ತಕಗಳಲ್ಲಿ ಯಾನ್ಸ್ ಸಿಂಡ್ರೋಮ್ ಅಂತಲೂ ಇರತ್ತೆ. ಸಾಮಾನ್ಯವಾಗಿ 12ರಿಂದ 18 ವರ್ಷದೊಳಗೆ ಕಾಣಿಸ್ಕೊಳ್ಳತ್ತೆ. ನಿನ್ನ ಬುದ್ಧಿಗೂ ಇದಕ್ಕೂ ಸಂಬಂಧ ಇಲ್ಲ, ಎಂಆರ್‌ಐ ಮಾಡಿದ್ರೆ ಸಾಮಾನ್ಯವಾಗಿ ಏನೂ ಇರಲ್ಲ, ತಲೆಗೆ ವೈರ್ ಅಂಟಿಸಿ ಮೆದುಳಿನ ಕರೆಂಟನ್ನ ಗೆರೆಯಾಗಿ ಬರೆಸೋ ಇಇಜಿ ಪರೀಕ್ಷೆಲಿ ಮಾತ್ರ ಗೆರೆ ಚೂಪು ಚೂಪಾಗಿ ಮೇಲಕ್ಕೆ ಹಾರಿರತ್ತೆ. ಆ ಕೈ ಎಗರೋದೂ ಫಿಟ್ಸೇ, ಚಿಕ್ಕ ಫಿಟ್ಸು. ಎಚ್ಚರ ತಪ್ಪಲ್ಲ, ಒಂದು ಕ್ಷಣ, ಮುಗೀತು. ಅದು ಗುಂಪು ಗುಂಪಾಗಿ ಬರೋಕೆ ಶುರುವಾದ್ರೆ ಅವತ್ತು ದೊಡ್ಡದು ಬರಬಹುದು ಅಂತ ಲೆಕ್ಕ.

ಈಗ ಮಾತ್ರೆ ವಿಷಯ. ಕಾರ್ಬಮಜೆಪಿನ್ ಕೆಟ್ಟ ಮಾತ್ರೆ ಅಲ್ಲ, ಮೆದುಳಿನ ಒಂದು ಜಾಗದಿಂದ ಶುರುವಾಗೋ ಫಿಟ್ಸ್‌ಗೆ ನಾವೇ ದಿನಾ ಬರೀತೀವಿ. ಆದ್ರೆ ಜೆಎಂಇ ಇರೋರಿಗೆ ಕೈ ಎಗರೋದನ್ನ ಅದು ಜಾಸ್ತಿ ಮಾಡಬಹುದು, ಫೆನಿಟಾಯಿನ್ ಅನ್ನೋ ಇನ್ನೊಂದು ಫಿಟ್ಸ್ ಮಾತ್ರೆ ಕೂಡ ಹಾಗೇ. ಅಂದ್ರೆ ಮೂರು ವರ್ಷ ನುಂಗಿದ ಮಾತ್ರೆಯೇ ಲೋಟವನ್ನ ಹಾರಿಸ್ತಾ ಇರಬಹುದು. ಇದನ್ನ ಓದಿ ಇವತ್ತು ರಾತ್ರಿಯೇ ಮಾತ್ರೆ ಬಿಟ್ಟುಬಿಟ್ಟೀಯ, ಬೇಡ! ಫಿಟ್ಸ್ ಮಾತ್ರೆ ಸಡನ್ನಾಗಿ ನಿಲ್ಲಿಸಿದ್ರೆ ಒಂದರ ಹಿಂದೆ ಒಂದು ಫಿಟ್ಸ್ ಬಂದು ಐಸಿಯು ಸೇರೋ ಪರಿಸ್ಥಿತಿ ಬರಬಹುದು. ಹೊಸದನ್ನ ಏರಿಸ್ತಾ ಹಳೇದನ್ನ ಇಳಿಸ್ತಾ ಹೋಗಬೇಕು, ಅದನ್ನ ಮಾಡೋಕೆ ಒಬ್ಬ ನ್ಯೂರಾಲಜಿಸ್ಟ್ ಬೇಕು. ಈ ವಾರವೇ ತೋರಿಸು. ಹೊಸೂರು ರಸ್ತೆ ನಿಮ್ಹಾನ್ಸ್ ಇದೆ, ಮೆಡಿಕಲ್ ಕಾಲೇಜ್ ಆಸ್ಪತ್ರೆಗಳಲ್ಲೂ ನ್ಯೂರಾಲಜಿ ವಿಭಾಗ ಇರತ್ತೆ. ನಿಮ್ಹಾನ್ಸ್‌ಗೆ ಹೋಗೋದಾದ್ರೆ ಬೆಳಿಗ್ಗೆ ಹೋಗಿ ಮಧ್ಯಾಹ್ನದವರೆಗೂ ಕೂರೋ ತಯಾರಿ ಇರಲಿ, ಟಿಫನ್ ಮಾಡ್ಕೊಂಡು ಹೋಗು.

ಅಲ್ಲಿ ಹೋದಾಗ ಒಂದು ಮಾತು ನೀನಾಗೇ ಎತ್ತಬೇಕು, ಅವರು ಕೇಳಲಿ ಅಂತ ಕಾಯಬೇಡ. ಈ ತರ ಫಿಟ್ಸ್‌ಗೆ ಚೆನ್ನಾಗಿ ಕೆಲಸ ಮಾಡೋ ಮಾತ್ರೆ ಸೋಡಿಯಂ ವ್ಯಾಲ್ಪ್ರೊಯೇಟ್, ಆದ್ರೆ ಬಸಿರಾದಾಗ ಅದು ನಡೀತಾ ಇದ್ರೆ ಹುಟ್ಟೋ ಹತ್ತು ಮಕ್ಕಳಲ್ಲಿ ಒಂದಕ್ಕೆ ದೊಡ್ಡ ಅಂಗದೋಷ ಇರೋ ಸಾಧ್ಯತೆ, ಅದಕ್ಕಿಂತ ಹೆಚ್ಚು ಮಕ್ಕಳಿಗೆ ಕಲಿಕೆ, ಬೆಳವಣಿಗೆ ತೊಂದ್ರೆ. ನನಗಿನ್ನೂ 20, ಮದುವೆ ಯೋಚನೆನೇ ಇಲ್ಲ ಅಂತೀಯ, ಆದ್ರೆ ಈ ಮಾತ್ರೆಗಳು ವರ್ಷಾನುಗಟ್ಟಲೆ ನಡೆಯೋವು, ಆಗ ಗಡಿಬಿಡಿಲಿ ಬದಲಾಯಿಸೋದಕ್ಕಿಂತ ಈಗಲೇ ಕೇಳಿಬಿಡೋದು ವಾಸಿ. ಲೆವೆಟಿರಾಸೆಟಮ್, ಲ್ಯಾಮೊಟ್ರಿಜಿನ್ ಅಂತ ಬೇರೆ ದಾರಿಗಳಿವೆ, ಅವಕ್ಕೂ ಅವುಗಳದ್ದೇ ತಕರಾರು. ಲೆವೆಟಿರಾಸೆಟಮ್ ಶುರು ಮಾಡಿದ ಮೇಲೆ ಕೆಲವರಿಗೆ ಸುಮ್ಸುಮ್ನೆ ಸಿಟ್ಟು, ಅಳು, ಅಮ್ಮನ ಮೇಲೆ ಹಾರಾಡೋದು ಶುರುವಾಗತ್ತೆ, ಅದು ನಿನ್ನ ಸ್ವಭಾವ ಕೆಟ್ಟಿದ್ದಲ್ಲ, ಮಾತ್ರೆದು, ಡಾಕ್ಟ್ರಿಗೆ ಹೇಳು. ಲ್ಯಾಮೊಟ್ರಿಜಿನ್ ನಿಧಾನಕ್ಕೆ ಏರಿಸಬೇಕು, ಮೈಮೇಲೆ ಗುಳ್ಳೆ, ದದ್ದು ಕಂಡ್ರೆ ಅದೇ ದಿನ ತೋರಿಸಬೇಕು, ಕೆಲವರಿಗೆ ಅದರಿಂದಲೂ ಕೈ ಎಗರೋದು ಹೆಚ್ಚಾಗತ್ತೆ. ಯಾವುದು ನಿನಗೆ ಸರಿ ಅನ್ನೋದು ಎದುರಿಗೆ ಕೂತು ನೋಡಿದವರು ಹೇಳಬೇಕು.

ಸರಿ, ಮಾತ್ರೆ ಸರಿಹೋಯ್ತು ಅಂದ್ಕೋ. ಆಮೇಲೂ ಅರ್ಧ ಕೆಲಸ ಬಾಕಿ, ಆ ಅರ್ಧ ನಿನ್ನ ರಾತ್ರಿಗಳಲ್ಲಿದೆ. ನಿನ್ನ ಅವ್ವ ಕಾಲೇಜಿಂದ ಕಾಯಿಲೆ ಜಾಸ್ತಿ ಆಯ್ತು ಅಂತಾಳೆ, ನೀನು ಓದಿನ ಟೆನ್ಷನ್ ಅಂತೀಯ, ಇಬ್ಬರೂ ಹತ್ತಿರ ಇದ್ದೀರ ಆದ್ರೆ ಕೈ ಇಟ್ಟಿರೋದು ಪಕ್ಕಕ್ಕೆ. ಓದು ಫಿಟ್ಸ್ ತರಲ್ಲ. ಇಂಟರ್ನಲ್ಸ್ ಹಿಂದಿನ ರಾತ್ರಿ ಮೂರು ಗಂಟೆವರೆಗೆ ಎಚ್ಚರ ಇದ್ದು ಆರಕ್ಕೆ ಅಲಾರಂ ಇಟ್ಟು ಎದ್ಯಲ್ಲ, ಅದು ತರತ್ತೆ. ಜೆಎಂಇ ಇರೋರಿಗೆ ನಿದ್ದೆಗೇಡು, ಅದರ ಮೇಲೆ ಅರೆನಿದ್ದೆಲಿ ಎಬ್ಬಿಸೋದು, ಇದಕ್ಕಿಂತ ದೊಡ್ಡ ಶತ್ರು ಇಲ್ಲ. ನನ್ನ ಹತ್ರ ಬರೋ ಕಾಲೇಜ್ ಮಕ್ಕಳ ಫಿಟ್ಸ್ ತಾರೀಖು ಬರೆಸಿದ್ರೆ ಸುಮಾರು ಎಲ್ಲಾ ಒಂದೇ ಜಾಗದಲ್ಲಿ ಬಂದು ಕೂರತ್ತೆ: ಪರೀಕ್ಷೆ ಹಿಂದಿನ ರಾತ್ರಿ, ಫ್ರೆಂಡ್ ಬರ್ತ್‌ಡೇಗೆ ಹನ್ನೆರಡಕ್ಕೆ ಕೇಕ್ ಕಟ್ ಮಾಡಿದ ರಾತ್ರಿ, ಕಾಲೇಜ್ ಫೆಸ್ಟು, ಅಕ್ಕನ ಮದುವೆ, ಮತ್ತೆ ಊರಿಂದ ವಾಪಸ್ ಬಂದ ಸೋಮವಾರ.

ಆ ಸೋಮವಾರದ ಬಗ್ಗೆ ಸ್ವಲ್ಪ ಹೇಳ್ತೀನಿ, ಯಾಕಂದ್ರೆ ಬೆಂಗಳೂರಲ್ಲಿ ಓದೋ ಊರಿನ ಮಕ್ಕಳಿಗೆಲ್ಲಾ ಇದು ಅನ್ವಯ ಆಗತ್ತೆ. ಭಾನುವಾರ ರಾತ್ರಿ ಊಟ ಮಾಡಿ ಹಾವೇರಿಲಿ ಬಸ್ ಹತ್ತೋದು, ದಾವಣಗೆರೆ ಹತ್ರ ಕಣ್ಣು ಹತ್ತೋದು, ತುಮಕೂರಲ್ಲಿ ಲೈಟ್ ಹಾಕಿ ಎಬ್ಬಿಸೋದು, ಐದಕ್ಕೆ ಮೆಜೆಸ್ಟಿಕ್, ಆರಕ್ಕೆ ಪಿಜಿ, ಸ್ನಾನ ಮಾಡಿ ಸೀದಾ ಒಂಬತ್ತರ ಕ್ಲಾಸು. ಬಸ್ಸಲ್ಲಿ ಆರು ಗಂಟೆ ಮಲಗಿದ್ದೆ ಅಂತ ನೀನು ಲೆಕ್ಕ ಹಾಕ್ತೀಯ, ನಿನ್ನ ಮೆದುಳು ಆ ಲೆಕ್ಕ ಒಪ್ಪಲ್ಲ. ಅದರ ಜೊತೆ ರಾತ್ರಿ ಮಾತ್ರೆ ಬ್ಯಾಗಲ್ಲಿ, ಬ್ಯಾಗು ಡಿಕ್ಕಿಲಿ, ಅದೂ ತಪ್ಪೋಯ್ತು. ಹಗಲು ಹೊತ್ತು ಬಾ. ಹೆಣ್ಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಲಿ ಸಾಮಾನ್ಯ ಸರ್ಕಾರಿ ಬಸ್ ಹೇಗೂ ಫ್ರೀ, ಹುಬ್ಬಳ್ಳಿ ಕಡೆಯಿಂದ ಹಗಲು ಹೊತ್ತಿನ ಜನಶತಾಬ್ದಿ ರೈಲಿದೆ. ಅವ್ವನ ಕೈ ಅಡುಗೆ ಒಂದೊತ್ತು ಕಡಿಮೆ ಆಗತ್ತೆ, ಹೌದು. ರಾತ್ರಿ ಬಸ್ಸೇ ಗತಿ ಅಂದ್ರೆ ಮಾತ್ರೆ ಮೈಮೇಲಿರೋ ಪರ್ಸಲ್ಲಿ ಇರಲಿ, ಸೋಮವಾರ ಮಧ್ಯಾಹ್ನದವರೆಗೂ ಮಲಗು, ಆ ಎರಡು ಕ್ಲಾಸ್ ಹೋದ್ರೆ ಹೋಗಲಿ.

ಇನ್ನು ಶಿವರಾತ್ರಿ. ಮಠ, ತಾಯತ ಅಂದಿದ್ದೀಯ, ನಾನು ಅದಕ್ಕೆ ಅಡ್ಡ ಬರೋನಲ್ಲ, ಹೋಗು, ಕಟ್ಟಿಸ್ಕೋ, ಅವ್ವನಿಗೆ ಧೈರ್ಯ ಬರತ್ತೆ ಅಂದ್ರೆ ಅದೂ ಒಂದು ಲಾಭವೇ. ಎರಡೇ ಷರತ್ತು, ತಾಯತದ ಜೊತೆ ಮಾತ್ರೆ ಇರಬೇಕು, ಮತ್ತೆ ಜಾಗರಣೆ ಬೇಡ. ವಾಸಿಯಾಗಲಿ ಅಂತ ಹರಕೆ ಹೊತ್ತು ರಾತ್ರಿಯಿಡೀ ಭಜನೆ ಕೂತು ಬೆಳಗಿನ ಮಂಗಳಾರತಿ ಹೊತ್ತಿಗೆ ದೇವಸ್ಥಾನದ ಅಂಗಳದಲ್ಲೇ ಬಿದ್ದ ಒಬ್ಬ ಹುಡುಗನ್ನ ನಾನೇ ನೋಡಿದ್ದೀನಿ, ಮನೆಯವರು ದೇವರ ಕೋಪ ಅಂದ್ಕೊಂಡು ಮುಂದಿನ ವರ್ಷ ಮತ್ತೂ ಕಟ್ಟುನಿಟ್ಟಾಗಿ ಜಾಗರಣೆ ಮಾಡಿಸಿದ್ರು, ಮತ್ತೆ ಬಿದ್ದ. ಶಿವನಿಗೆ ಸಂಜೆ ಪೂಜೆ ಸಾಕು, ನೀನು ಹತ್ತೂವರೆಗೆ ಮಲಗು.

ದಿನಾ ಮಲಗೋ ಟೈಮ್ ಒಂದೇ ಇರಲಿ, ಏಳೋ ಟೈಮೂ, ಏಳೆಂಟು ಗಂಟೆ ಬೇಕೇ ಬೇಕು, ಭಾನುವಾರವೂ. ಓದೋದನ್ನ ಸಂಜೆಗೆ ತಗೋ. ಪೋರ್ಷನ್ ಮುಗಿದಿಲ್ಲ ಅಂದ್ರೆ ಮುಗಿದಿಲ್ಲ, ಎರಡು ಮಾಡ್ಯೂಲ್ ಬಿಟ್ಟು ಪರೀಕ್ಷೆ ಬರೆದ್ರೆ ಹತ್ತು ಮಾರ್ಕ್ಸ್ ಹೋಗಬಹುದು, ಹಾಲಲ್ಲಿ ಬಿದ್ರೆ ಪೇಪರ್ರೇ ಹೋಗತ್ತೆ, ಈ ಲೆಕ್ಕ ನಿನಗೆ ಹೋದ ತಿಂಗಳು ಆಗಿದೆ. ನಿದ್ದೆ ಬರಬಾರದು ಅಂತ ಕಾಫಿ ಮೇಲೆ ಕಾಫಿ, ಎನರ್ಜಿ ಡ್ರಿಂಕ್, ಇವೆಲ್ಲಾ ನಿದ್ದೆ ಸಾಲ ಮಾಡಿಸೋ ದಾರಿಗಳು. ಕುಡಿತದ ಬಗ್ಗೆ ಕೇಳಿಲ್ಲ, ಆದ್ರೂ ಹೇಳಿಬಿಡ್ತೀನಿ, ಕುಡಿದ ಮಾರನೇ ಬೆಳಿಗ್ಗೆ ಜೆಎಂಇಗೆ ತುಂಬಾ ಕೆಟ್ಟ ಹೊತ್ತು. ಫೆಸ್ಟಲ್ಲಿ ಪಕಪಕ ಅಂತ ಹೊಡೆಯೋ ಲೈಟು ಈ ಕಾಯಿಲೆ ಇರೋರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಆಗಿಬರಲ್ಲ, ಸಡನ್ನಾಗಿ ಅಂಥ ಲೈಟಿಗೆ ಸಿಕ್ಕಿಹಾಕ್ಕೊಂಡ್ರೆ ಅಂಗೈಲಿ ಒಂದು ಕಣ್ಣು ಪೂರ್ತಿ ಮುಚ್ಚಿ ಬೇರೆ ಕಡೆ ತಿರುಗಿ ಹೊರಗೆ ಬಂದುಬಿಡು. ಮುಟ್ಟಿನ ಮುಂಚಿನ ದಿನಗಳಲ್ಲಿ ಕೈ ಎಗರೋದು ಜಾಸ್ತಿ ಆಗತ್ತಾ ಅಂತ ಕ್ಯಾಲೆಂಡರ್‌ನಲ್ಲಿ ಗುರುತು ಹಾಕ್ತಾ ಹೋಗು, ಕೆಲವರಿಗೆ ಆಗತ್ತೆ, ಆ ಕಾಗದ ಡಾಕ್ಟ್ರಿಗೆ ಬಂಗಾರ ಇದ್ದಂಗೆ.

ಒಂದು ಡೋಸ್ ಮರೆತ್ರೆ ನೆನಪಾದ ತಕ್ಷಣ ತಗೋ, ಮುಂದಿನ ಡೋಸ್ ಹತ್ರ ಬಂದಿದ್ರೆ ಎರಡೂ ಒಟ್ಟಿಗೆ ನುಂಗಬೇಡ, ಹೀಗಾದ್ರೆ ಏನು ಮಾಡ್ಲಿ ಅಂತ ಮೊದಲೇ ಡಾಕ್ಟ್ರ ಹತ್ರ ಕೇಳಿ ಚೀಟಿಲಿ ಬರೆಸ್ಕೋ. ದುಡ್ಡಿನ ಕಷ್ಟಕ್ಕೆ ಮಾತ್ರೆ ತಪ್ಪಬಾರದು, ಜನೌಷಧಿ ಕೇಂದ್ರಗಳಲ್ಲಿ ಈ ಮಾತ್ರೆಗಳು ಕಡಿಮೆಗೆ ಸಿಗತ್ತೆ, ಒಂದು ಕಂಪನಿದು ಶುರು ಮಾಡಿದ್ರೆ ಆದಷ್ಟು ಅದೇ ಇರಲಿ. ರಜಕ್ಕೆ ಊರಿಗೆ ಹೋದಾಗ ಜಿಲ್ಲಾ ಆಸ್ಪತ್ರೆಲಿ ವಿಚಾರಿಸು, ಕರ್ನಾಟಕ ಬ್ರೇನ್ ಹೆಲ್ತ್ ಇನಿಶಿಯೇಟಿವ್ ಅಂತ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ ಜಿಲ್ಲೆಗಳಲ್ಲಿ ಮೆದುಳಿನ ಕಾಯಿಲೆಗಳಿಗೆ ಕ್ಲಿನಿಕ್ ಶುರು ಮಾಡಿದೆ.

ಮೆಡಿಕಲ್ ಶಾಪ್ ಹತ್ರ ಹುಷಾರು, ಇದನ್ನ ನಾನು ಎಲ್ಲರಿಗೂ ಒತ್ತಿ ಹೇಳ್ತೀನಿ. ಪಿಜಿ ಊಟ ತಿಂದು ಹೊಟ್ಟೆ ಕೆಡೋದು ಬೆಂಗಳೂರಲ್ಲಿ ಓದೋರಿಗೆ ಸಿಲಬಸ್‌ನಲ್ಲೇ ಇರೋ ವಿಷಯ, ಅಂಗಡಿಗೆ ಹೋಗಿ ಲೂಸ್ ಮೋಷನ್ ಅಂದ ತಕ್ಷಣ ಕೇಳದೇ ಕೊಡೋದು ಆಫ್ಲೊಕ್ಸಾಸಿನ್ ಇರೋ ಮಾತ್ರೆ, ಜ್ವರಕ್ಕೆ ಸಿಪ್ರೊಫ್ಲೊಕ್ಸಾಸಿನ್, ಮೈಕೈ ನೋವಿಗೆ ಟ್ರಾಮಡಾಲ್. ಈ ಮೂರರಿಂದಲೂ ಫಿಟ್ಸ್ ಬರೋದು ಸುಲಭ ಆಗಿಬಿಡತ್ತೆ. ನನಗೆ ಎಪಿಲೆಪ್ಸಿ ಇದೆ ಅಂತ ಹೇಳಿಯೇ ಮಾತ್ರೆ ಕೇಳು. ನೆಗಡಿಗೆ ನೀಲಗಿರಿ ಎಣ್ಣೆ ಆವಿ, ಕರ್ಪೂರದ ಬಾಮು ಅಂತ ಅವ್ವ ಪ್ರೀತಿಯಿಂದ ಕಳಿಸಿರ್ತಾಳೆ, ಅವೂ ನಿನಗೆ ಬೇಡ, ಈ ಎಣ್ಣೆಗಳಿಂದ ಫಿಟ್ಸ್ ಬಂದ ಕೇಸುಗಳನ್ನ ಬೆಂಗಳೂರಿನ ನ್ಯೂರಾಲಜಿಸ್ಟ್‌ಗಳೇ ಬರೆದಿದ್ದಾರೆ. (ಇನ್ನೊಂದು, ನಿನಗಲ್ಲ, ಇದನ್ನ ಓದ್ತಿರೋ ಮೈಸೂರು, ಮಂಡ್ಯ, ಚಾಮರಾಜನಗರ ಕಡೆಯೋರಿಗೆ: ತಲೆಗೆ ಬಿಸಿಬಿಸಿ ನೀರು ಹುಯ್ಕೊಂಡಾಗ ಬರೋ ಫಿಟ್ಸ್ ಅಂತ ಒಂದಿದೆ, ಪ್ರಪಂಚದಲ್ಲಿ ಅಪರೂಪ, ನಮ್ಮ ದಕ್ಷಿಣ ಕರ್ನಾಟಕದಲ್ಲಿ ಅಲ್ಲ. ಬಿಸಿ ಕಡಿಮೆ ಮಾಡಿದ್ರೇ ಎಷ್ಟೋ ಜನಕ್ಕೆ ಅರ್ಧ ವಾಸಿ.)

ಈಗ ಯಾರಿಗೂ ಹೇಳಿಲ್ಲ ಅಂದ್ಯಲ್ಲ, ಅದಕ್ಕೆ ಬರ್ತೀನಿ. ಮುಚ್ಚಿಟ್ಟಿದ್ದಕ್ಕೆ ನೀನು ಈಗಾಗ್ಲೇ ಒಂದು ಹಲ್ಲು ಕೊಟ್ಟಿದ್ದೀಯ. ರೂಮ್‌ಮೇಟ್ ಕೆಟ್ಟವಳಲ್ಲ, ಅವಳಿಗೆ ಗೊತ್ತಿರಲಿಲ್ಲ. ಬೀಗದ ಕೈ, ಈರುಳ್ಳಿ, ಚಪ್ಪಲಿ ವಾಸನೆ, ಇವೆಲ್ಲಾ ಯಾಕೆ ಕೆಲಸ ಮಾಡಿದಂಗೆ ಕಾಣತ್ತೆ ಅಂದ್ರೆ ಹೆಚ್ಚಿನ ಫಿಟ್ಸ್ ಒಂದೆರಡು, ಮೂರು ನಿಮಿಷದಲ್ಲಿ ತಾನಾಗೇ ನಿಲ್ಲತ್ತೆ. ಕೀ ಹುಡುಕಿ ತಂದು ಕೈಯಲ್ಲಿ ಇಡೋ ಹೊತ್ತಿಗೆ ಸರಿಯಾಗಿ ಅದೂ ನಿಂತಿರತ್ತೆ, ಪುಣ್ಯ ಕಬ್ಬಿಣಕ್ಕೆ ಹೋಗತ್ತೆ. ಅವಳನ್ನ ಕೂರಿಸಿ ಹೇಳು: ಗಡಿಯಾರ ನೋಡ್ಕೋ, ಒಂದು ಮಗ್ಗುಲಿಗೆ ಮಲಗಿಸು, ತಲೆ ಕೆಳಗೆ ಮಡಚಿದ ದುಪಟ್ಟಾ ಇಡು, ಕನ್ನಡಕ ತೆಗಿ, ಸುತ್ತ ಇರೋ ಕುರ್ಚಿ, ಬಕೆಟ್ ಸರಿಸು. ಕೈಕಾಲು ಅದುಮಿ ಹಿಡೀಬೇಡ, ಬಾಯೊಳಗೆ ಬೆರಳು, ಚಮಚ, ನೀರು, ಮಾತ್ರೆ ಯಾವುದೂ ಬೇಡ, ನಾಲಿಗೆ ನುಂಗಿಬಿಡ್ತಾರೆ ಅನ್ನೋದು ಸುಳ್ಳು. ನಿಂತ ಮೇಲೆ ಪೂರ್ತಿ ಎಚ್ಚರ ಆಗೋವರೆಗೂ ಪಕ್ಕದಲ್ಲೇ ಕೂತಿರು. ಐದು ನಿಮಿಷ ದಾಟಿದ್ರೆ, ಎಚ್ಚರ ಆಗದೇ ಇನ್ನೊಂದು ಬಂದ್ರೆ, ತಲೆಗೆ ಪೆಟ್ಟಾಗಿದ್ರೆ, ಉಸಿರಾಟ ಸರಿ ಅನ್ನಿಸ್ದಿದ್ರೆ 108. ನಿಲ್ಲದ ಫಿಟ್ಸನ್ನ ನಿಲ್ಲಿಸೋಕೆ ಮೂಗಿಗೆ ಹಾಕೋ ಮಿಡಜೋಲಮ್ ಸ್ಪ್ರೇ ನಿನಗೆ ಬೇಕಾ ಅಂತ ನ್ಯೂರಾಲಜಿಸ್ಟ್‌ನ ಕೇಳು, ಬರೆದುಕೊಟ್ರೆ ಅದು ಎಲ್ಲಿದೆ ಅಂತ ಅವಳಿಗೂ ತೋರಿಸಿರು. ಇದನ್ನೇ ಕನ್ನಡದಲ್ಲಿ ಒಂದು, ಹಿಂದಿಲಿ ಒಂದು ಹಾಳೆ ಬರೆದು ಬೀರು ಬಾಗಿಲ ಒಳಗೆ ಅಂಟಿಸು, ಪಿಜಿಲಿ ಸೆಕ್ಯುರಿಟಿ, ಅಡುಗೆಯವರು ಯಾವ ಊರಿನವರೋ ಏನೋ. ಫಿಟ್ಸ್ ಬಂದಾಗ ಮೊಬೈಲಲ್ಲಿ ಒಂದು ನಿಮಿಷ ವಿಡಿಯೋ ಮಾಡು ಅಂತಲೂ ಅವಳಿಗೆ ಹೇಳು, ಮರ್ಯಾದೆ ಹೋಗತ್ತೆ ಅನ್ಕೋಬೇಡ, ನಮಗೆ ಹತ್ತು ಪ್ರಶ್ನೆ ಕೇಳಿದ್ರೂ ಸಿಗದಿರೋದು ಅದರಲ್ಲಿ ಸಿಗತ್ತೆ.

ಇಡೀ ಕ್ಲಾಸಿಗೆ ಸಾರಬೇಕಿಲ್ಲ. ರೂಮ್‌ಮೇಟು, ಕ್ಲಾಸಲ್ಲಿ ಪಕ್ಕ ಕೂರೋಳು ಒಬ್ಬಳು, ನಿನ್ನ ಪ್ರಾಕ್ಟರ್, ಅಂದ್ರೆ ಕಾಲೇಜಲ್ಲಿ ನಿನ್ನ ಜವಾಬ್ದಾರಿ ಹೊತ್ತಿರೋ ಲೆಕ್ಚರರ್, ಮೂರು ಜನ ಸಾಕು. ಪ್ರಾಕ್ಟರ್ ಹತ್ರ ಡಾಕ್ಟ್ರ ಲೆಟರ್ ಸಮೇತ ಹೋಗು, ಬಾಯಿ ಮಾತಲ್ಲಿ ಬೇಡ. ಆ ಲೆಟರ್‌ನಲ್ಲಿ ಏನಿರಬೇಕು ಅಂತ ನೀನೇ ಕೇಳಿ ಬರೆಸ್ಕೋಬೇಕು, ಸುಮ್ನೆ ಎಪಿಲೆಪ್ಸಿ ಇದೆ ಅಂತ ಬರೆದ್ರೆ ಅವರು ಹೆದರಿ ಲ್ಯಾಬಿಗೇ ಬರಬೇಡ ಅಂತಾರೆ. ಬೆಳಗಿನ ಹೊತ್ತು ಕೈ ಎಗರೋ ಸಾಧ್ಯತೆ ಇರೋದ್ರಿಂದ ಲ್ಯಾಬ್ ಬ್ಯಾಚ್ ಮಧ್ಯಾಹ್ನಕ್ಕೆ ಹಾಕಿಕೊಡಿ, ಪರೀಕ್ಷೆ ಹಾಲಲ್ಲಿ ನೀರು, ಮಾತ್ರೆ ಇಟ್ಕೊಳ್ಳೋಕೆ ಬಿಡಿ, ಫಿಟ್ಸ್ ಬಂದ ದಿನ ಟೆಸ್ಟ್ ಇದ್ರೆ ಇನ್ನೊಂದು ದಿನ ಕೊಡಿ, ಹೀಗೆ ಬಿಡಿಸಿ ಇರಬೇಕು. ಲ್ಯಾಬ್ ಬ್ಯಾಚ್ ಬದಲಾಯಿಸೋದು ಅವರಿಗೆ ಐದು ನಿಮಿಷದ ಕೆಲಸ, ನಿನಗೆ ಕಾದ ಸಾಲ್ಡರಿಂಗ್ ಐರನ್ ಕೈಯಿಂದ ಹಾರೋದು ತಪ್ಪತ್ತೆ. ಅಟೆಂಡೆನ್ಸ್ ಬಗ್ಗೆ, ನಿಂದು ವಿಟಿಯು ಕಾಲೇಜ್ ಆಗಿದ್ರೆ 85 ಪರ್ಸೆಂಟ್ ಬೇಕು, ಕಾಯಿಲೆ ಕಾರಣಕ್ಕೆ ಪ್ರಿನ್ಸಿಪಾಲ್ ಶಿಫಾರಸು ಮಾಡಿದ್ರೆ 10 ಪರ್ಸೆಂಟ್‌ವರೆಗೆ ಕಂಡೊನೇಷನ್, ಅಂದ್ರೆ ಮನ್ನಾ, ಸಿಗೋ ಅವಕಾಶ ಇದೆ. ಆದ್ರೆ ಸೆಮಿಸ್ಟರ್ ಕೊನೇಲಿ ಹಳೇ ತಾರೀಖಿನ ಸರ್ಟಿಫಿಕೇಟ್ ಕಟ್ಟು ತಗೊಂಡು ಹೋದ್ರೆ ಯಾರೂ ನಂಬಲ್ಲ, ಒಂದೊಂದು ಸಲ ಆದಾಗಲೂ ಅದೇ ವಾರ ಕೊಟ್ಟು ಸೀಲ್ ಹಾಕಿಸ್ಕೊಂಡು ಜೆರಾಕ್ಸ್ ಇಟ್ಕೋ. ಅಂಗವಿಕಲರ ಕಾರ್ಡ್ ಮಾಡಿಸು ಅಂತ ಯಾರಾದ್ರೂ ಹೇಳಬಹುದು, 2016ರ ಕಾಯ್ದೆಯ ಪಟ್ಟಿಲಿ ಎಪಿಲೆಪ್ಸಿ ಹೆಸರು ಹಾಕಿಲ್ಲ, ಹಾಕಬೇಕಿತ್ತು ಅನ್ನೋದು ನನ್ನ ಅಭಿಪ್ರಾಯ, ಸದ್ಯಕ್ಕೆ ಅದರ ಹಿಂದೆ ಅಲೆದು ನಿದ್ದೆ ಕೆಡಿಸ್ಕೋಬೇಡ.

ಪಿಜಿ ಆಂಟಿ ವಿಷಯ ನನ್ನ ಕೈಲಿಲ್ಲ. ಅವರಿಗೆ ಭಯ, ಏನಾದ್ರೂ ಆದ್ರೆ ಪೊಲೀಸು, ಹೆಸರು ಅಂತ. ಡಾಕ್ಟ್ರ ಲೆಟರ್ ತೋರಿಸು, ರೂಮ್‌ಮೇಟ್ ಜೊತೇಲಿ ಹೋಗಿ ನಾನು ನೋಡ್ಕೋತೀನಿ ಅಂತ ಅವಳ ಬಾಯಲ್ಲಿ ಹೇಳಿಸು, ಎಷ್ಟೋ ಸಲ ಅಷ್ಟಕ್ಕೇ ಕರಗ್ತಾರೆ. ಕರಗಲಿಲ್ಲ ಅಂದ್ರೆ ಅಲ್ಲಿ ಜಗಳ ಕಾದು ಇರೋದಕ್ಕಿಂತ ಕಾಲೇಜ್ ಹಾಸ್ಟೆಲ್ ನೋಡು, ಕ್ಲಾಸಿಗೆ ಹತ್ರ ಆದ್ರೆ ಬೆಳಿಗ್ಗೆ ಒಂದು ಗಂಟೆ ನಿದ್ದೆ ಉಳಿಯತ್ತೆ. ಒಬ್ಬಳೇ ಇರೋ ಸಿಂಗಲ್ ರೂಮ್ ಮಾತ್ರ ಬೇಡ. ಹೆದರಿಸೋಕೆ ಹೇಳ್ತಿಲ್ಲ, ಆದ್ರೆ ಮುಚ್ಚಿಡೋದೂ ಸರಿಯಲ್ಲ: ಎಪಿಲೆಪ್ಸಿ ಇರೋ ದೊಡ್ಡವರಲ್ಲಿ ವರ್ಷಕ್ಕೆ ಸುಮಾರು ಸಾವಿರದಲ್ಲಿ ಒಬ್ಬರು, ಹೆಚ್ಚಾಗಿ ರಾತ್ರಿ ನಿದ್ದೆಲಿ, ದೊಡ್ಡ ಫಿಟ್ಸ್ ಬಂದ ಮೇಲೆ, ಇದ್ದಕ್ಕಿದ್ದಂತೆ ತೀರಿಹೋಗೋದುಂಟು. ದೊಡ್ಡ ಫಿಟ್ಸ್ ಪದೇ ಪದೇ ಬರೋರಿಗೆ, ಮಾತ್ರೆ ತಪ್ಪಿಸೋರಿಗೆ, ಒಬ್ಬರೇ ಮಲಗೋರಿಗೆ ಆ ಅಪಾಯ ಜಾಸ್ತಿ. ಫಿಟ್ಸ್ ನಿಂತ್ರೆ ಅದೂ ತುಂಬಾ ಕಡಿಮೆಯಾಗತ್ತೆ.

ಬೆಳಗಿನ ಆ ಮೊದಲ ಒಂದೆರಡು ಗಂಟೆ ಸ್ವಲ್ಪ ನಾಜೂಕಾಗಿ ಕಳಿ. ಟೀ ಲೋಟದ ಬದಲು ಮುಚ್ಚಳ ಇರೋ ಸ್ಟೀಲ್ ಮಗ್ ತಗೋ, ಅರ್ಧ ಮಾತ್ರ ತುಂಬಿಸು. ಸ್ನಾನ ಸಂಜೆಗೆ ಇಟ್ಕೋ, ಸ್ಟೂಲ್ ಮೇಲೆ ಕೂತು ಮಾಡು, ಚಿಲಕ ಹಾಕಬೇಡ, ಹೊರಗೆ ಟವೆಲ್ ನೇತುಹಾಕಿ ಒಳಗಿದ್ದೀನಿ ಅಂತ ಗುರುತು ಮಾಡು. ಗೋಡೆ ಗಿಡ್ಡ ಇರೋ ಟೆರೇಸಲ್ಲಿ ನಿಂತು ಓದೋದು ಬೇಡ. ಬಿಎಂಟಿಸಿಲಿ ಫುಟ್‌ಬೋರ್ಡ್ ಹತ್ರ ನಿಲ್ಲಬೇಡ, ಮೆಟ್ರೊಲಿ ರೈಲು ಪೂರ್ತಿ ನಿಲ್ಲೋವರೆಗೂ ಹಳದಿ ಗೆರೆಯಿಂದ ಎರಡು ಹೆಜ್ಜೆ ಹಿಂದಿರು. ಸ್ಕೂಟಿ ಕೇಳಲೇಬೇಡ. ಡಿಎಲ್ ಅರ್ಜಿಯ ಫಾರ್ಮ್ 1ರಲ್ಲಿ ಎಪಿಲೆಪ್ಸಿ ಇದೆಯಾ ಅಂತ ನೇರ ಪ್ರಶ್ನೆ ಇದೆ, ಇಲ್ಲ ಅಂತ ಟಿಕ್ ಹಾಕಿ ಓಡಿಸ್ತಿರೋರು ಎಷ್ಟೋ ಜನ ಇದ್ದಾರೆ, ಗೊತ್ತು. ರಿಂಗ್ ರೋಡಲ್ಲಿ ನಿನ್ನ ಕೈ ಒಂದು ಸಲ ಎಗರಿದ್ರೆ ಬೀಳೋದು ನೀನೊಬ್ಬಳೇ ಅಲ್ಲ.

ಮದುವೆ ಬಗ್ಗೆ ಅವ್ವನಿಗೆ ಒಳಗೊಳಗೆ ಭಯ ಇರತ್ತೆ, ಕಾಲೇಜ್ ಬಿಡಿಸೋ ಮಾತಿನ ಹಿಂದೆ ಅದೂ ಇರಬಹುದು. ಅವಳಿಗೆ ಹೇಳು, ಎಪಿಲೆಪ್ಸಿ ಪದೇ ಪದೇ ಬರ್ತಿದ್ರೆ ಮದುವೆ ರದ್ದು ಮಾಡಿಸಬಹುದು ಅಂತ ಒಂದು ಕಾಲದಲ್ಲಿ ಹಿಂದೂ ವಿವಾಹ ಕಾಯ್ದೆಲಿ ಇತ್ತು, 1999ರಲ್ಲಿ ಅದನ್ನ ತೆಗೆದುಹಾಕಿದ್ದಾರೆ. ಹೇಳದೇ ಮದುವೆ ಮಾಡೋದು ಮಾತ್ರ ಬೇಡ, ಕದ್ದು ಮಾತ್ರೆ ನುಂಗೋಕೆ ಹೋಗಿ ಡೋಸ್ ತಪ್ಪಿಸಿ ಗಂಡನ ಮನೇಲಿ ಬಿದ್ದೋರನ್ನ ತುಂಬಾ ನೋಡಿದ್ದೀನಿ. ಮಕ್ಕಳಿಗೆ ಬರೋ ಸಾಧ್ಯತೆ ಬೇರೆಯವರಿಗಿಂತ ಸ್ವಲ್ಪ ಜಾಸ್ತಿ, ಆದ್ರೂ ಹೆಚ್ಚಿನ ಮಕ್ಕಳಿಗೆ ಬರಲ್ಲ. ಕೆಲಸ ಹುಡುಕೋವಾಗ ನೈಟ್ ಶಿಫ್ಟ್ ಇರೋದು ಬೇಡ, ಸಂಬಳ ಜಾಸ್ತಿ ಕೊಟ್ರೂ. ಮನಸ್ಸು ತೀರಾ ಕುಗ್ಗಿದ್ರೆ, ರಾತ್ರಿ ಯಾರ ಹತ್ರನಾದ್ರೂ ಮಾತಾಡಬೇಕು ಅನ್ನಿಸಿದ್ರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು, ಯಾವ ಹೊತ್ತಲ್ಲೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಕಾಲೇಜ್ ಬಿಡ್ಲಾ ಅಂದ್ರೆ, ಬೇಡ. ಊರಿಗೆ ಹೋದ್ರೂ ಇದೇ ಮೆದುಳು ತಾನೇ ಜೊತೇಲಿ ಬರೋದು, ಅಲ್ಲೂ ಮದುವೆ ಮನೆ, ಜಾತ್ರೆ, ಜಾಗರಣೆ ಇದ್ದೇ ಇದೆ. ಒಂದು ಸೆಮಿಸ್ಟರ್ ಮಾತ್ರೆ ಬದಲಾಯಿಸೋ ಗಲಾಟೆಲಿ ಹೋಗಬಹುದು, ಒಂದೆರಡು ಸಬ್ಜೆಕ್ಟ್ ಬ್ಯಾಕ್ ಉಳಿಯಬಹುದು, ಅದಕ್ಕೆ ತಯಾರಿರು. ಮಾತ್ರೆ ನಿಲ್ಲಿಸ್ಲಾ ಅಂದ್ಯಲ್ಲ, ಎರಡು ವರ್ಷ ಫಿಟ್ಸ್ ಇಲ್ಲಾಂದ್ರೆ ನಿಲ್ಲಿಸಬಹುದು ಅಂತ ಜನ ಹೇಳ್ತಾರೆ, ಬೇರೆ ಕೆಲವು ಬಗೆಗೆ ಅದು ಸರಿ, ಜೆಎಂಇಲಿ ನಿಲ್ಲಿಸಿದ್ರೆ ಹೆಚ್ಚಿನವರಿಗೆ ವಾಪಸ್ ಬರತ್ತೆ, ಆದ್ದರಿಂದ ತುಂಬಾ ವರ್ಷ ನಡೆಯೋ ಮಾತ್ರೆ ಅಂತಾನೇ ಅಂದ್ಕೋ. ಬಿಪಿಗೆ ದೊಡ್ಡವರು ದಿನಾ ತಗೋತಾರಲ್ಲ, ಹಂಗೆ.

ಇಇಜಿಗೆ ಬರೆದುಕೊಟ್ರೆ ಹಿಂದಿನ ದಿನ ತಲೆಸ್ನಾನ ಮಾಡು, ಎಣ್ಣೆ ಹಚ್ಚಬೇಡ, ವೈರ್ ಅಂಟಲ್ಲ. ಕೆಲವೊಮ್ಮೆ ಹಿಂದಿನ ರಾತ್ರಿ ಕಡಿಮೆ ಮಲಗಿ ಬನ್ನಿ ಅಂತ ಅವರೇ ಹೇಳ್ತಾರೆ, ಹಂಗೆ ಹೇಳಿದ್ರೆ ಮಾತ್ರ, ಅವರು ಹೇಳಿದಷ್ಟು ಮಾತ್ರ. ಅವತ್ತು ಬೆಳಗಿನ ಮಾತ್ರೆ ಬಿಡಬೇಡ, ಒಬ್ಬಳೇ ಬರಬೇಡ, ರೂಮ್‌ಮೇಟ್‌ನ ಕರ್ಕೊಂಡು ಬಾ. ಬೀಗದ ಕೈ ಕಥೆ ಅವಳ ಬಾಯಿಂದಲೇ ಡಾಕ್ಟ್ರು ಕೇಳಲಿ, ಎಷ್ಟು ನಿಮಿಷ ಇತ್ತು, ಯಾವ ಕೈ ಮೊದಲು ಎಗರಿತು ಅಂತ ನೋಡಿದೋಳು ಅವಳು, ನೀನಲ್ಲ.